ಆಟ ಆಡಿಸಿ ಪತ್ರಿಕೆ ಮಾರಿದ್ದು: ಗಂಗಾವತಿಯ ನನ್ನ ಅನುಭವ

ಗಂಗಾವತಿಯಿಂದ ನಾನು ಪಾತ್ರದಾಟದ ಪುಟ್ಟ ಪತ್ರಿಕೆಯೊಂದನ್ನು ಹೊರತರುತ್ತಿದ್ದೇನೆ. ನಾಲ್ಕೈದು ಜನ ಒಂದೆಡೆ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು, ದಾಳ ಉರುಳಿಸುತ್ತ, ಬಾಯಿಮಾತಿನಲ್ಲೇ ಕಥೆ ಕಟ್ಟುತ್ತ ಹೋಗುವ ರೋಲ್‌ಪ್ಲೇಯಿಂಗ್ ಆಟಗಳಿಗೆ ಮೀಸಲಾದ ಪತ್ರಿಕೆ ಇದು. ಎ4 ಹಾಳೆ ಮಡಚಿದ ಅಳತೆ, 32 ಪುಟ, ನಡುವೆ ಎರಡು ಪಿನ್ನು, ಬೆಲೆ 60 ರೂಪಾಯಿ.

ಮೊದಲ ಸಂಚಿಕೆಯ 200 ಪ್ರತಿಗಳನ್ನು ಲಗ್ನಪತ್ರಿಕೆ ಅಚ್ಚು ಮಾಡುವ ಪ್ರೆಸ್ಸಿನಲ್ಲಿ ಮಾಡಿಸಿದೆ. ಕಾಲೇಜುಗಳ ಮುಂದೆ ಭಿತ್ತಿಪತ್ರ ಅಂಟಿಸಿದೆ, ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದೆ, ಮಾರಿದ ಮೇಲೆ ಹಣ ಎಂಬ ಕರಾರಿನಲ್ಲಿ ಮೂರು ಪುಸ್ತಕದಂಗಡಿಗಳಿಗೆ ತಲಾ 20 ಪ್ರತಿ ಕೊಟ್ಟೆ. ಒಂದು ಅಂಗಡಿಯವರು ಅವನ್ನು ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಹಿಂದೆ ಇಟ್ಟುಬಿಟ್ಟಿದ್ದರಿಂದ, ಆರು ತಿಂಗಳ ಮೇಲೆ ನಾನೇ ಕಟ್ಟಿದ ದಾರವೂ ಬಿಚ್ಚದೆ ಮರಳಿ ಬಂದವು. ಒಟ್ಟು ಖರ್ಚಾದದ್ದು 31 ಪ್ರತಿ, ಅವೂ ಬಹುಪಾಲು ಗೆಳೆಯರ ಕೈಗೆ. ಭಿತ್ತಿಪತ್ರ ಓದಿದವರೆಲ್ಲ ಕೇಳಿದ್ದು ಒಂದೇ: "ಇದ್ರಾಗ ಗೆಲ್ಲೋರು ಯಾರ್ರೀ?" ಗೆಲ್ಲುವವರು, ಸೋಲುವವರು ಎಂದಿಲ್ಲದ ಆಟವನ್ನು ನಿಂತ ನಿಲುವಿನಲ್ಲಿ ವಿವರಿಸಲು ನನಗೆ ಆಗಲಿಲ್ಲ.

ದಾರಿ ತೋರಿಸಿದವರು ನಮ್ಮ ಕಡೆ ದೊಡ್ಡಾಟ ಕಲಿಸುವ ಹಿರಿಯ ಮಾಸ್ತರರೊಬ್ಬರು. ಸಂಚಿಕೆಯನ್ನು ಕೊನೆಯವರೆಗೆ ಓದಿ, "ಈ ಗೇಮ್ ಮಾಸ್ಟರ್ ಅಂದ್ರ ನಮ್ಮ ಸಾರಥಿ ಇದ್ದಂಗ ಅಲ್ಲೇನಪ?" ಎಂದರು. ಬಯಲಾಟದಲ್ಲಿ ರಂಗಕ್ಕೆ ಬಂದ ಪಾತ್ರವನ್ನು ತಾವು ಯಾರು, ಬಂದ ಕಾರಣವೇನು ಎಂದು ಕೇಳಿ ಮಾತಿಗೆಳೆಯುವವನು ಸಾರಥಿ. ನಮ್ಮ ಆಟದಲ್ಲಿ ಕಥೆ ನಡೆಸುವವನ ಕೆಲಸವೂ ಅದೇ. ಎರಡನೆಯ ಸಂಚಿಕೆಯಿಂದ ಅವನಿಗೆ ಸಾರಥಿ ಎಂಬ ಹೆಸರನ್ನೇ ಇಟ್ಟೆ. ದೊಡ್ಡಾಟದಲ್ಲಿ ಮಾತು ಮೊದಲೇ ಬರೆದಿರುತ್ತದೆ, ಇಲ್ಲಿ ನಿಮ್ಮ ಮಾತನ್ನು ನೀವೇ ಹುಟ್ಟಿಸಿಕೊಳ್ಳುತ್ತೀರಿ ಎಂದರೆ ಸಾಕು, ಕೇಳಿದವರಿಗೆ ತಿಳಿಯುತ್ತಿತ್ತು.

ಇನ್ನೊಂದು ತೊಡಕು ದಾಳದ್ದು. ಇಂಥ ಆಟಗಳಲ್ಲಿ ಹೆಸರಾದ 20 ಮುಖದ ದಾಳ ನಮ್ಮ ಪೇಟೆಯಲ್ಲಿ ಸಿಗುವುದಿಲ್ಲ. ಪತ್ರಿಕೆ ಕೊಂಡವರು ಮತ್ತೆ ದಾಳ ತರಿಸಲು ಕಾಯಬೇಕೆಂದರೆ ಪತ್ರಿಕೆ ಕಪಾಟು ಸೇರುತ್ತದೆ. ಹಾಗಾಗಿ ಎಲ್ಲ ಆಟಗಳನ್ನೂ ಲೂಡೊ ಡಬ್ಬಿಯ ಎರಡು ದಾಳಕ್ಕೆ ಹೊಂದಿಸಿದೆ. ಎರಡು ದಾಳ ಬೀಳುವ ಬಗೆ 36. ಅದರಲ್ಲಿ 6 ಅಥವಾ ಅದಕ್ಕಿಂತ ಕಡಿಮೆ ಬರುವುದು 15, 7ರಿಂದ 9 ಬರುವುದು 15, 10 ಮತ್ತು ಮೇಲೆ ಬರುವುದು ಬರೀ 6. ಸೋಲು, ಬೆಲೆ ತೆತ್ತು ಪಡೆಯುವ ಗೆಲುವು, ಪೂರ್ಣ ಗೆಲುವು ಎಂದು ಇವನ್ನು ಮೂರಾಗಿ ವಿಂಗಡಿಸಿದರೆ ಲೆಕ್ಕ ಮುಗಿಯಿತು.

ಆಮೇಲೆ ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹೋದೆ. ಕಿನ್ನಾಳ ಗೊಂಬೆ ಮಾರುವ ಪರಿಚಯಸ್ಥರ ಮಳಿಗೆಯ ಮಗ್ಗುಲಲ್ಲಿ ಜಮಖಾನ ಹಾಸಿ, ಬಂದವರನ್ನು ಕೂರಿಸಿಕೊಂಡು ಇಪ್ಪತ್ತು ನಿಮಿಷದ ಆಟ ಆಡಿಸತೊಡಗಿದೆ. ಕಥೆ ನಡೆಯುವುದು ಗಂಗಾವತಿಗೆ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡದಲ್ಲಿ. ಅಲ್ಲಿ ಬಂಡೆಚಪ್ಪಡಿಗಳಿಂದ ಕಟ್ಟಿದ ಬೃಹತ್ ಶಿಲಾಯುಗದ ಸಮಾಧಿಗಳಿವೆ, ಜನ ಅವನ್ನು ಮೋರೇರ ಮನೆಗಳೆನ್ನುತ್ತಾರೆ. ಬಡಿದರೆ ದೂರದವರೆಗೆ ಕೇಳುವ ಕಲ್ಲಿನ ನಗಾರಿಯೂ ಇದೆ. ರಾತ್ರಿ ಆ ನಗಾರಿ ತಾನಾಗಿಯೇ ಮೊಳಗುತ್ತದೆ, ಬಡಿಯುತ್ತಿರುವವರು ಯಾರು ಎಂಬುದೇ ಆಟ.

ಮೊದಲ ದಿನ ಒಂದು ತಪ್ಪು ಮಾಡಿದೆ. ಕಥೆ ಏರುತ್ತಿದ್ದಂತೆ ನಿಲ್ಲಿಸಿ, ಮುಂದಿನದು ಪತ್ರಿಕೆಯಲ್ಲಿದೆ ಎಂದೆ. ಜನ ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದರು. ಕರೆದು ಕೂರಿಸಿ ಊಟದ ನಡುವೆ ಎಲೆ ತೆಗೆದಂತಾಗಿತ್ತು. ಎರಡನೆಯ ದಿನ ಪ್ರತಿ ಆಟವನ್ನೂ ಕೊನೆ ಮುಟ್ಟಿಸಿದೆ. ಪಿಯುಸಿ ಓದುವ ಹುಡುಗಿಯೊಬ್ಬಳು ಕುರಿಗಾಹಿಯ ಪಾತ್ರದಲ್ಲಿದ್ದಳು. ಚಪ್ಪಡಿಯ ದುಂಡನೆಯ ಕಿಂಡಿಯೊಳಗೆ ಕೈ ಹಾಕುತ್ತೇನೆಂದಾಗ ಪಕ್ಕದಲ್ಲಿದ್ದ ತಮ್ಮ, "ಅಕ್ಕಾ, ಹಾಕಬ್ಯಾಡ," ಎಂದು ನಿಜವಾಗಿಯೂ ಅವಳ ಮಣಿಕಟ್ಟು ಹಿಡಿದುಕೊಂಡ. ಅವಳು ಬಿಡಿಸಿಕೊಂಡು ದಾಳ ಹಾಕಿದಳು, 2 ಮತ್ತು 3 ಬಿತ್ತು, ಸುತ್ತ ನಿಂತು ನೋಡುತ್ತಿದ್ದವರೂ ಉಸಿರು ಬಿಗಿಹಿಡಿದರು. ಆಟ ಮುಗಿದ ಮೇಲೆ ಅವಳು ಕೇಳಿದ್ದು, "ಇದನ್ನ ನಮ್ಮ ಹಾಸ್ಟೆಲ್‌ನಾಗ ನಾನು ಆಡಸಬೌದಾ ಸರ್?" ಎಂದು. ಪತ್ರಿಕೆ ಬೇಕಾದದ್ದು ಅದಕ್ಕೆ. ಮೊದಲ ದಿನ 5 ಪ್ರತಿ ಹೋಗಿದ್ದರೆ ಆ ದಿನ 38 ಹೋದವು. ಅಂದಿನಿಂದ ನನ್ನ ಪ್ರಚಾರದ ದುಡ್ಡೆಲ್ಲ ಬಸ್ ಚಾರ್ಜಿಗೆ ಹೋಗುತ್ತದೆ. ಭಿತ್ತಿಪತ್ರ ಮಾಡಿಸುವುದನ್ನು ಬಿಟ್ಟಿದ್ದೇನೆ.

ಕೊಂಡವರನ್ನು ಉಳಿಸಿಕೊಳ್ಳುವ ಉಪಾಯ ಹಳೆಯದು. 1975ರಲ್ಲಿ ಅಮೆರಿಕದ ಲೀ ಗೋಲ್ಡ್ ಎಂಬವರು ಆಟಗಾರರೇ ಬರೆದು ಕಳಿಸಿದ ಪುಟಗಳನ್ನು ಒಟ್ಟುಗೂಡಿಸಿ ಇಂಥ ಪತ್ರಿಕೆಯೊಂದನ್ನು ಆರಂಭಿಸಿದ್ದರು. ನಾನೂ ನಾಲ್ಕು ಪುಟವನ್ನು ಓದುಗರ ಆಟದ ವರದಿಗೆ ಬಿಟ್ಟಿದ್ದೇನೆ. ವರದಿ ಅಚ್ಚಾದವರಿಗೆ ಎರಡು ಪ್ರತಿ ಕಳಿಸುತ್ತೇನೆ, ಒಂದು ಇಟ್ಟುಕೊಳ್ಳಲು, ಒಂದು ಜೊತೆಗೆ ಆಡಿದವರಿಗೆ ಕೊಡಲು. ಹೊಸ ಚಂದಾದಾರರಲ್ಲಿ ಹೆಚ್ಚಿನವರು ಬರುವುದು ಆ ಎರಡನೆಯ ಪ್ರತಿಯಿಂದ. ಚಂದಾ ಹಣ ಮುಂಗಡವಾಗಿ ಫೋನ್‌ಪೇಯಲ್ಲಿ ಬರುವುದರಿಂದ ಎಷ್ಟು ಅಚ್ಚು ಮಾಡಿಸಬೇಕೆಂಬುದು ಮೊದಲೇ ಗೊತ್ತಾಗುತ್ತದೆ.

ನಾಲ್ಕನೆಯ ಸಂಚಿಕೆಗೆ ಆ ಹುಡುಗಿ ಹಾಸ್ಟೆಲ್‌ನಿಂದ ಮೂರು ಪುಟದ ವರದಿ ಕಳಿಸಿದ್ದಾಳೆ. ಅವರ ಆಟದಲ್ಲಿ ನಗಾರಿ ಬಡಿದದ್ದು ಮಳೆ.