ಆರು ಸಾವಿರ ಮೀಟರ್ ಶಿಖರಕ್ಕೆ ಬೆಂಗಳೂರಿನಿಂದ ತಯಾರಿ

ಲಡಾಖ್‌ನ ಕಾಂಗ್ ಯಾತ್ಸೆ-2 ಶಿಖರದ ಎತ್ತರ ಸುಮಾರು 6,250 ಮೀಟರ್. ಬೆಂಗಳೂರು ಇರುವುದು 900ರ ಆಸುಪಾಸು. ನಂದಿಬೆಟ್ಟ ಹತ್ತಿದರೂ 1,478. ತೆಳು ಗಾಳಿಗೆ ಹೊಂದಿಕೊಳ್ಳುವುದನ್ನು ಇಲ್ಲಿ ಕಲಿಯೋಕೆ ಆಗಲ್ಲ. ಹಾಗಾಗಿ ಓದು, ಕಾಲು, ಕೈ ಈ ಮೂರನ್ನೇ ಹಿಡಿದೆ.

ಮೊದಲು ಓದಿದ್ದು ಎತ್ತರದ ಕಾಯಿಲೆ ಬಗ್ಗೆ. 5,500 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಉಳಿಯಬೇಕು. ವಿಮಾನದಲ್ಲಿ ಹೋದರೆ ಲೇಹ್‌ನಲ್ಲಿ ಇಳಿಯುವಾಗಲೇ 3,500 ಮೀಟರ್ ಸಮೀಪ ಇರುತ್ತೇವೆ, ಅಲ್ವಾ? ಈ ಲೆಕ್ಕ ಇಟ್ಟುಕೊಂಡೇ ಟ್ರೆಕ್ ಕಂಪನಿಗಳ ವೇಳಾಪಟ್ಟಿ ನೋಡಿದೆ. ಅವಸರದವನ್ನೆಲ್ಲ ಬಿಟ್ಟೆ.

ಆಮೇಲೆ 1929ರಿಂದ ಬರುತ್ತಿರುವ ಪರ್ವತಾರೋಹಣ ಪತ್ರಿಕೆ ‘ಹಿಮಾಲಯನ್ ಜರ್ನಲ್’ನ ವರದಿಗಳು. ತುದಿ ಮುಟ್ಟಿದವರಿಗಿಂತ ಅರ್ಧಕ್ಕೇ ವಾಪಸಾದವರ ವರದಿಗಳಿಂದ ನಾನು ಕಲಿತದ್ದು ಜಾಸ್ತಿ. ಎಷ್ಟು ಹೊತ್ತಿಗೆ ಹೊರಟರು, ಹಿಮ ಯಾವಾಗ ಮೆತ್ತಗಾಯಿತು, ಯಾಕೆ ತಿರುಗಿದರು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ.

ಕಾಲಿಗೆ ಅಪಾರ್ಟ್‌ಮೆಂಟಿನ ಮೆಟ್ಟಿಲು. ಬ್ಯಾಗಿನಲ್ಲಿ ನೀರಿನ ಕ್ಯಾನ್ ಹೊತ್ತು ಹತ್ತುವುದು, ಮೇಲೆ ಗಿಡಗಳಿಗೆ ಸುರಿದು ಹಗುರಾಗಿ ಇಳಿಯುವುದು. ಮಂಡಿ ಉಳಿಯುತ್ತದೆ. ಕುಕ್ಕೆಯಿಂದ ಕುಮಾರ ಪರ್ವತ ಒಂದೂವರೆ ಸಾವಿರ ಮೀಟರ್‌ಗೂ ಮೀರಿದ ಏರು. ನಮ್ಮ ಕಡೆ ಇದಕ್ಕಿಂತ ಒಳ್ಳೆ ಪರೀಕ್ಷೆ ನಾನು ಕಂಡಿಲ್ಲ.

ಕೈಯ ಅಭ್ಯಾಸ ಬಾಲ್ಕನಿಯಲ್ಲಿ. ಕಂಬಿಗೆ 10 ಮಿ.ಮೀ. ಹಗ್ಗ ಕಟ್ಟಿ, ಅದರ ಮೇಲೆ 6 ಮಿ.ಮೀ. ದಾರದಿಂದ, ಹಗ್ಗವನ್ನು ಕಚ್ಚಿ ಹಿಡಿಯುವ ಪ್ರೂಸಿಕ್ ಗಂಟು. ಮೂರು ಸುತ್ತೂ ಒಂದರ ಪಕ್ಕ ಒಂದು ನೀಟಾಗಿ ಕೂರಬೇಕು. ಒಂದರ ಮೇಲೊಂದು ಹತ್ತಿದರೆ ಸರಿಯಾಗಿ ಕಚ್ಚಲ್ಲ. ಸಡಿಲ ಇದ್ದಾಗ ಜಾರಬೇಕು, ಭಾರ ಬಿದ್ದಾಗ ಹಿಡಿಯಬೇಕು. ಬರಿಗೈಲಿ ಕಟ್ಟೋಕೆ ಬಂದ ಮೇಲೆ ದಪ್ಪ ಗ್ಲೌಸ್ ಹಾಕಿ, ಕೊನೆಗೆ ಲೈಟ್ ಆರಿಸಿ ಕಟ್ಟಿದೆ. ಶಿಖರಕ್ಕೆ ಹೊರಡುವುದು ನಡುರಾತ್ರಿ, ಕಟ್ಟಬೇಕಾಗಿರುವುದೂ ಹಾಗೇ.

ಐಸ್ ಆಕ್ಸ್ (ಹಿಮಗೊಡಲಿ) ಬಳಕೆ ಮಾತ್ರ ಓದಿ ಬರುವಂಥದ್ದಲ್ಲ. ಅದಕ್ಕೇ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಬೇಸಿಕ್ ಕೋರ್ಸ್ ಮಾಡಿದೆ. ಹಿಮದ ಇಳಿಜಾರಿನಲ್ಲಿ ಜಾರಿದಾಗ ಹೊಟ್ಟೆಯ ಮೇಲೆ ಹೊರಳಿ, ಎದೆಯ ಭಾರವನ್ನೆಲ್ಲ ಆಕ್ಸ್ ಮೇಲೆ ಹಾಕಬೇಕು. ಬೂಟಿನಡಿ ಕಟ್ಟುವ ಲೋಹದ ಮುಳ್ಳುಗಳು, ಅಂದರೆ ಕ್ರಾಂಪಾನ್, ಇದ್ದರೆ ಪಾದ ಮೇಲೆತ್ತಿರಬೇಕು. ಮುಳ್ಳು ಹಿಮಕ್ಕೆ ಸಿಕ್ಕಿಕೊಂಡರೆ ದೇಹ ಪಲ್ಟಿ ಹೊಡೆಯುತ್ತದೆ. ಯೋಚಿಸದೆ ಇದು ಬರುವವರೆಗೂ ಬೇಕೆಂದೇ ಜಾರಿದ್ದೇವೆ.

ಹೊರಡುವ ಮೊದಲು ತಂಡದವರೆಲ್ಲ ಕೂತು ಆ ನೋಟ್‌ಬುಕ್ ತೆರೆದೆವು. ಬೆಳಗ್ಗೆ 10ಕ್ಕೆ ಎಲ್ಲಿದ್ದರೂ ಇಳಿಯುವುದು ಎಂದು ಒಪ್ಪಿ, ಗೈಡ್‌ಗೂ ಹೇಳಿಟ್ಟೆವು.