ಅರ್ಜಿ ಮೊದಲು, ಬೋರ್ ಗಾಡಿ ಆಮೇಲೆ

ಉತ್ತರಹಳ್ಳಿಯಲ್ಲಿ ನಮ್ಮದು 12 ಮನೆಗಳ ಅಪಾರ್ಟ್‌ಮೆಂಟ್. ನಾನು ಸಂಘದ ಕಾರ್ಯದರ್ಶಿ, ಅಂದ್ರೆ ನಲ್ಲೀಲಿ ನೀರು ಬರದಿದ್ದರೆ ಬೈಸಿಕೊಳ್ಳುವವಳು. ಬೋರ್ ಕೆಸರು ಕಕ್ಕಲು ಶುರು ಮಾಡಿದಾಗ ಏಜೆಂಟ್ ಒಬ್ಬ ಬಂದ. "ಪರ್ಮಿಶನ್ ಎಲ್ಲ ಯಾಕೆ ಮೇಡಂ? ಶನಿವಾರ ರಾತ್ರಿ ಗಾಡಿ ತರ್ತೀನಿ, ಬೆಳಗಾಗೋದ್ರಲ್ಲಿ ಮುಗಿಸಿಬಿಡೋಣ" ಅಂದ. ನಮ್ಮವರು ಐದು ಸಾವಿರ ಮುಂಗಡ ಕೊಟ್ಟೂಬಿಟ್ಟರು. ಆ ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ.

ಬೆಂಗಳೂರಿನಲ್ಲಿ 2024ರ ಮಾರ್ಚ್ 15ರಿಂದ ಜಲಮಂಡಳಿಯ ಅನುಮತಿ ಇಲ್ಲದೆ ಬೋರ್ ಹೊಡೆಸುವಂತಿಲ್ಲ. ಇದಕ್ಕೆ ಬಲ 2011ರ ಕರ್ನಾಟಕ ಅಂತರ್ಜಲ ಕಾಯ್ದೆ. ಮಂಡಳಿಯ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿ. ಖಾತಾ, ತೆರಿಗೆ ರಸೀದಿ, ನೀರಿನ ಬಿಲ್ಲು ಒಂದೇ ಫೈಲಿನಲ್ಲಿರಲಿ. ನಾನು ಜೊತೆಗೆ ಒಂದು ಕೈ ನಕ್ಷೆ ಮಾಡಿಟ್ಟುಕೊಂಡೆ. ಹಳೇ ಬೋರ್, ಸಂಪು, ಚರಂಡಿ ಚೇಂಬರ್ ಎಲ್ಲಿವೆ, ಹೊಸ ಬೋರ್ ಕೊರೆಯುವ ಪಾಯಿಂಟಿಗೆ ಎಷ್ಟು ಅಡಿ ದೂರ ಅಂತ ಟೇಪ್ ಹಿಡಿದು ಬರೆದಿದ್ದೆ. ಸ್ಥಳ ನೋಡಲು ಬಂದ ಇಂಜಿನಿಯರ್ ಜಾಸ್ತಿ ಹೊತ್ತು ನೋಡಿದ್ದು ಅದನ್ನೇ. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸಿದವರ ಸುದ್ದಿಯನ್ನು ನಾನು ಎತ್ತಲಿಲ್ಲ.

ಇಂಜಿನಿಯರ್ ಕೇಳಿದ ಮೊದಲ ಪ್ರಶ್ನೆ, "ಹಳೇ ಬೋರ್ ಎಷ್ಟು ಆಳ?" ಯಾರಿಗೂ ಗೊತ್ತಿಲ್ಲ! ಬಿಲ್ಡರ್ ಕೊಟ್ಟ ಕಾಗದದಲ್ಲೂ ಇರಲಿಲ್ಲ. ನೀವು ಇದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಎರಡನೇ ಪ್ರಶ್ನೆ ಮಳೆನೀರು ಕೊಯ್ಲಿನದು. ನಮ್ಮ ಇಂಗುಗುಂಡಿ ತೆರೆದರೆ ತುಂಬ ಒಣ ಎಲೆ, ಒಂದು ಚಪ್ಪಲಿ. ಮುಖ ಎಲ್ಲಿಟ್ಟುಕೊಳ್ಳಲಿ? ಆ ಭಾನುವಾರವೇ ಕ್ಲೀನ್ ಮಾಡಿಸಿದೆ. ಹೇಗೆ ಮಾಡಿಸಬೇಕು ಅಂತ ತಿಳಿಯದಿದ್ದರೆ ಜಯನಗರ 5ನೇ ಬ್ಲಾಕಿನ ಮಳೆನೀರು ಕೊಯ್ಲು ಉದ್ಯಾನಕ್ಕೆ ಒಂದು ಸಲ ಹೋಗಿಬನ್ನಿ. ಮಾದರಿಗಳನ್ನು ಕಣ್ಣಾರೆ ನೋಡಬಹುದು.

ಅನುಮತಿ ಕೈಗೆ ಬಂದ ಮೇಲೆ ಗಾಡಿ ಗೊತ್ತುಮಾಡಿ. ಗಾಡಿಯ ನೋಂದಣಿ ಪತ್ರ ಕೇಳಿ, ಕೊಡದವನು ಬೇಡ. 2010ರ ಸುಪ್ರೀಂ ಕೋರ್ಟ್ ನಿರ್ದೇಶನದಂತೆ ಕೊರೆಯುವ 15 ದಿನ ಮೊದಲೇ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು, ಬೋರ್ಡ್ ಹಾಕಬೇಕು, ಸುತ್ತ ಬೇಲಿ ಕಟ್ಟಬೇಕು. ಬೋರಿನ ಬಾಯಿಗೆ ಇಳಿಸುವ ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಕಟ್ಟೆಯೂ ಬೇಕು, ನೆಲದ ಮೇಲೆ 30 ಸೆಂಟಿಮೀಟರ್, ಕೆಳಗೆ 30.

ಬತ್ತಿದ ಬೋರನ್ನು ಸುಮ್ನೆ ಚಪ್ಪಡಿ ಮುಚ್ಚಿ ಬಿಡಬೇಡಿ. ನಾವು ಹೊಸ ಬೋರಿನಿಂದ ಬಂದ ಬೂದು ಬಣ್ಣದ ಕಲ್ಲುಪುಡಿಯನ್ನೇ ಬುಟ್ಟಿಯಲ್ಲಿ ಹೊತ್ತು ನೆಲಮಟ್ಟದವರೆಗೆ ತುಂಬಿದೆವು. ಎರಡು ಮಳೆ ಆದ ಮೇಲೆ ನೋಡಿದರೆ ಒಂದಡಿ ಕುಸಿದಿತ್ತು. ಅದಕ್ಕೇ ಎರಡು ಚೀಲ ಪುಡಿ ಎತ್ತಿಟ್ಟುಕೊಳ್ಳಿ.