ಅಂಗಡಿ ಲೈಟಿಗೆ ಮೋಸ ಹೋಗದಂಗ ಮುತ್ತಿನ ಬಣ್ಣ ಅಳೆಯೋದು ಹೆಂಗ?

ನಮ್ಮ ಕಾಕಿ ಮದುವಿ ಜವಳಿಗೆ ಅಂತ ಹೈದರಾಬಾದಿಗೆ ಹೋದಾಗ ಒಂದೆಳಿ ಮುತ್ತಿನ ಸರ ತಂದ್ರು. ಅಂಗಡ್ಯಾಗ ಹಾಲಿನಂಗ ಬೆಳ್ಳಗ ಕಂಡಿತ್ತಂತ, ರಾಯಚೂರಿಗೆ ಬಂದು ಮರುದಿನ ಅಂಗಳದಾಗ ಹಿಡಿದು ನೋಡಿದ್ರ ಹಳೇ ಧೋತರದ ಬಣ್ಣ. ಸರ ಅದೇ ಇತ್ತು, ಬದಲಾಗಿದ್ದು ಬೆಳಕು ಅಷ್ಟೇ. ಕಾಕಿ ಇವತ್ತಿಗೂ ನಂಬಂಗಿಲ್ಲ, ಅದು ಬ್ಯಾರೆ ಮಾತು.

ಬ್ಯಾಡಗಿಗೆ ಮೆಣಸಿನಕಾಯಿ ಒಯ್ಯೋ ನಮ್ಮ ಕಡಿ ರೈತರಿಗೆ ಬೆಳಕಿನಿಂದ ಬಣ್ಣ ಅಳೆಯೋದು ಹೊಸಾದೇನಲ್ಲ. ಕಾಯಿ ಕೆಂಪಗದ ಅಂತ ಬಾಯಿಲೆ ಹೇಳಿದ್ರ ಬಣ್ಣ ತಗಿಯೋ ಕಂಪನಿಯವ್ರು ಕೇಳಂಗಿಲ್ಲ, ಪುಡಿನ ಅಸಿಟೋನ್‌ದಾಗ ನೆನೆಸಿ ಆ ರಸದಾಗ 460 ನ್ಯಾನೋಮೀಟರ್ ಬೆಳಕು ಹಾಯಿಸಿ ಎಷ್ಟು ಹೀರ್ತು ಅಂತ ನೋಡಿ ಕಲರ್ ವ್ಯಾಲ್ಯೂ ಹಾಕ್ತಾರ. ಮುತ್ತನ್ನ ಪುಡಿ ಮಾಡ್ಲಿಕ್ಕ ಬರಂಗಿಲ್ಲ, ಅದಕ್ಕ ಅದರ ಮ್ಯಾಲಿಂದ ವಾಪಸ್ ಬರೋ ಬೆಳಕನ್ನೇ ಅಳೀಬೇಕು.

ತ್ರಾಸು ಇರೋದು ಅಲ್ಲೇ. ಮುತ್ತಿನ ಮೈ ಅಂದ್ರ ಬಣ್ಣ ಬಳಿದ ಗೋಡಿ ಅಲ್ಲ, ಅರಗೋನೈಟ್ ಅನ್ನೋ ಸುಣ್ಣದ ಹರಳಿನ ಹಾಳಿಗಳು ಒಂದರ ಮ್ಯಾಲೊಂದು ಸಾವಿರಾರು ಕೂತಿರ್ತಾವ, ಒಂದೊಂದು ಹಾಳಿ ಸುಮಾರು ಅರ್ಧ ಮೈಕ್ರಾನ್ ದಪ್ಪ, ಬೆಳಕಿನ ಅಲೆಯ ಉದ್ದನೂ ಹೆಚ್ಚೂಕಮ್ಮಿ ಅಷ್ಟೇ. ಹಂಗಾಗಿ ಬ್ಯಾರೆ ಬ್ಯಾರೆ ಪದರದಿಂದ ವಾಪಸ್ ಬರೋ ಅಲೆಗಳು ಕೂಡಿ ಗುಲಾಬಿನೋ ಹಸಿರೋ ಒಂದು ಛಾಯೆ ತೋರಿಸ್ತಾವ. ತಿರುಗಿಸಿದ್ರ ಛಾಯೆ ಓಡಾಡ್ತದ, ಕೆಳಗಿನ ಮೂಲ ಬಣ್ಣ ಬಿಳಿ, ಕ್ರೀಮ್ ಏನದ ಅದು ಹಂಗೇ ಇರ್ತದ. ಅಂದಮ್ಯಾಲ ಒಂದೇ ಕಡಿ ಒಂದೇ ಸಲ ಅಳೆದು ಇದೇ ಬಣ್ಣ ಅಂದ್ರ ಅದು ಸುಳ್ಳು.

ಮೊದ್ಲು ಬೆಳಕು ಸರಿ ಮಾಡ್ಕೋರಿ. ಚಪ್ಪಲಿ ಡಬ್ಬಿ ಒಂದು ಸಾಕು, ಒಳಗೆಲ್ಲ ಹೊಳಪಿಲ್ಲದ ಬೂದಿ ಬಣ್ಣದ ಹಾಳಿ ಅಂಟಿಸ್ರಿ. ಜೆರಾಕ್ಸಿನ ಬಿಳಿ ಹಾಳಿ ಬ್ಯಾಡ, ಅದರಾಗ ಬೆಳ್ಳಗ ಕಾಣ್ಲಿ ಅಂತ ಕೆಮಿಕಲ್ ಹಾಕಿರ್ತಾರ, ನೀಲಿ ಹೊಡೀತದ. ಬಲ್ಬು ಹಗಲಿನ ಬೆಳಕಿನಂಥಾ 6500 ಕೆಲ್ವಿನ್‌ದು, ಸಿಆರ್‌ಐ (ಬಲ್ಬಿನ ಬೆಳಕಿನ್ಯಾಗ ಬಣ್ಣ ಎಷ್ಟು ಖರೇ ಕಾಣ್ತಾವ ಅನ್ನೋ ಅಂಕಿ) 90ಕ್ಕಿಂತ ಮ್ಯಾಲಿಂದು ತರ್ರಿ, ಅದರ ಮುಂದ ಬಟರ್ ಪೇಪರ್ ಕಟ್ಟಿದ್ರ ಬೆಳಕು ಮೆತ್ತಗಾಗ್ತದ. ಇಷ್ಟು ಬ್ಯಾಡಪ್ಪ ಅನ್ನೋರು ಉತ್ತರದ ಕಿಟಕಿ ಹತ್ರ ಕುಂದ್ರಬೇಕು, ಮುತ್ತು ಆರಿಸೋರು ಹಿಂದಿನಿಂದ ಮಾಡಿದ್ದೂ ಅದೇ, ನೇರ ಬಿಸಿಲು ಬೀಳಂಗಿಲ್ಲ. ಇನ್ನೊಂದು, ಕೆಂಪು ಅಂಗಿ ಹಾಕ್ಕೊಂಡು ಕುಂದ್ರಬ್ಯಾಡ್ರಿ. ಮುತ್ತು ಸಣ್ಣ ಕನ್ನಡಿ ಇದ್ದಂಗ, ನಾನು ಮೊದಲ ದಿನ ತಗದ ಫೋಟೋದಾಗ ಎಲ್ಲಾ ಮುತ್ತೂ ಗುಲಾಬಿ ಅಂತ ಖುಷಿ ಪಟ್ಟಿದ್ದೆ, ದೊಡ್ಡದ್ ಮಾಡಿ ನೋಡಿದ್ರ ಪ್ರತಿ ಮುತ್ತಿನ್ಯಾಗೂ ನನ್ನ ಟಿ-ಶರ್ಟೇ ಕುಂತಿತ್ತು.

ಆಮ್ಯಾಲ ಫೋನು. ಪ್ರೋ ಮೋಡಿಗೆ ಹಾಕಿ ಐಎಸ್ಓ 100 ಇಡ್ರಿ, ಫ್ಲ್ಯಾಶ್ ಬಂದ್, ವೈಟ್ ಬ್ಯಾಲೆನ್ಸ್ ಆಟೋ ಇರಬಾರದು, ಇಲ್ಲಂದ್ರ ಫೋನು ತಾನೇ ಜಾಣ ಆಗಿ ಪ್ರತಿ ಫೋಟೋದಾಗ ಬಣ್ಣ ತಿದ್ತದ. ಮುತ್ತಿನ ಪಕ್ಕ ಫೋಟೋಗ್ರಾಫರ್‌ಗಳ ಗ್ರೇ ಕಾರ್ಡ್ ಇಟ್ಟು ಎರಡನ್ನೂ ಒಂದೇ ಫ್ರೇಮಿನ್ಯಾಗ ತಗೀರಿ, ಕಾರ್ಡ್ ಖರೇ ಬೂದಿ ಕಾಣೋವರೆಗೂ ಎಡಿಟ್‌ದಾಗ ಸರಿ ಮಾಡ್ರಿ. ಈಗ ಕಲರ್ ಪಿಕ್ಕರ್ ಆ್ಯಪ್‌ನಾಗ ಎಲ್‌, ಎ, ಬಿ ಅಂತ ಮೂರು ನಂಬರ್ ಸಿಗ್ತಾವ. ಎಲ್ ಅಂದ್ರ ಎಷ್ಟು ತಿಳಿ ಅನ್ನೋದು, 0 ಕಪ್ಪು, 100 ಬಿಳಿ. ಎ ಏರಿದ್ರ ಕೆಂಪಿನ ಕಡಿ, ಇಳಿದ್ರ ಹಸಿರು. ಬಿ ಏರಿದ್ರ ಹಳದಿ, ಇಳಿದ್ರ ನೀಲಿ. ಕಾಕಿ ಸಿಟ್ಟಿಗೆ ಕಾರಣ ಈ ಬಿ. ಝಗಮಗ ಹೊಳಿಯೋ ಚುಕ್ಕಿ ಮ್ಯಾಲ ಬೆರಳಿಡಬ್ಯಾಡ್ರಿ, ಅದು ಬಲ್ಬಿನ ಬಣ್ಣ. ಅದರ ಪಕ್ಕಕ್ಕ, ಮುತ್ತನ್ನ ತಿರುಗಿಸ್ತಾ ಐದಾರು ಕಡಿ ಓದಿ ಸರಾಸರಿ ತಗೀರಿ.

ಎರಡು ಮುತ್ತು ಜೋಡಿ ಆಗ್ತಾವೋ ಇಲ್ಲೋ ನೋಡ್ಲಿಕ್ಕ ಲೆಕ್ಕ ಸರಳ ಅದ. ಒಂದು 82, 1, 6, ಇನ್ನೊಂದು 80, 2, 8 ಅಂತ ಇಟ್ಕೋರಿ. ವ್ಯತ್ಯಾಸ 2, 1, 2. ಒಂದೊಂದರ ವರ್ಗ ಮಾಡಿ ಕೂಡಿಸಿದ್ರ 9, ವರ್ಗಮೂಲ 3. ಇದು ಡೆಲ್ಟಾ ಇ, ಅಂದ್ರ ಎರಡು ಬಣ್ಣದ ನಡುವಿನ ಅಂತರ. 1ರ ಆಸುಪಾಸು ಇದ್ರ ಪಳಗಿದ ಕಣ್ಣಿಗಷ್ಟೇ ಗೊತ್ತಾಗ್ತದ, 3 ಅಂದ್ರ ಪಕ್ಕಪಕ್ಕ ಇಟ್ಟಾಗ ಯಾರಿಗಾದ್ರೂ ಕಾಣ್ತದ. ಫೋನಿನ ನಂಬರ್ ಲ್ಯಾಬಿನ ನಂಬರ್ ಅಲ್ಲ, ಒಂದೇ ಡಬ್ಬಿಯೊಳಗ ಒಂದೇ ಫ್ರೇಮಿನ್ಯಾಗ ಹೋಲಿಸ್ಲಿಕ್ಕ ಮಾತ್ರ ಉಪಯೋಗ. ಪೇಂಟ್ ಅಂಗಡಿ ಸ್ಕ್ಯಾನರ್‌ಗೆ ಮುತ್ತು ಹಿಡೀತೀನಿ ಅಂತ ನನ್ನ ಗೆಳೆಯ ಹೊಂಟಿದ್ದ, ಆಗಂಗಿಲ್ಲ, ಆ ಯಂತ್ರದ ಕಂಡಿ ಮುತ್ತಿಗಿಂತ ದೊಡ್ಡದಿದ್ರ ಸುತ್ತ ಬೆಳಕು ಸೋರಿ ಮುತ್ತು ಕಪ್ಪಗ ಬರ್ತದ.

ಬಣ್ಣಕ್ಕಿಂತ ನಾನು ರೊಕ್ಕ ಕೊಡೋದು ಹೊಳಪಿಗೆ. ಟ್ಯೂಬ್‌ಲೈಟಿಗೆ ನಡುವ ಒಂದು ಕರೇ ಟೇಪ್ ಸುತ್ತಿ ಅದರ ಕೆಳಗ ಮುತ್ತು ಹಿಡೀರಿ. ಒಳ್ಳೇ ಮುತ್ತಿನ್ಯಾಗ ಆ ಕರೇ ಗೆರಿ ಕತ್ತರಿಸಿದಂಗ ಕಾಣ್ತದ, ಸಾದಾ ಮುತ್ತಿನ್ಯಾಗ ಮಂಜು ಹಿಡಿದಂಗ, ಕೀಳು ಮುತ್ತು ಸೀಮೆಸುಣ್ಣದಂಗ ಗೆರಿನೇ ನುಂಗ್ತದ. ಫೋಟೋ ತಗದು ಗೆರಿ ಅಂಚು ಕಪ್ಪಿನಿಂದ ಬಿಳಿಗೆ ಹೋಗ್ಲಿಕ್ಕ ಎಷ್ಟು ಪಿಕ್ಸೆಲ್ ತಗೊಳ್ತದ ಎಣಿಸ್ರಿ, ಕಮ್ಮಿ ಇದ್ದಷ್ಟು ಚಲೋ. ಕ್ಯಾಮೆರಾ ದೂರ ಮಾತ್ರ ಎಲ್ಲಾ ಮುತ್ತಿಗೂ ಒಂದೇ ಇರಬೇಕು.

ಮ್ಯಾಲಿನ ಪದರ ತೆಳ್ಳಗದನೋ ಏನೋ ನೋಡ್ಲಿಕ್ಕ ಕತ್ತಲ ಖೋಲಿಯೊಳಗ ಟಾರ್ಚಿಗೆ ರಟ್ಟು ಮುಚ್ಚಿ, ರಟ್ಟಿಗೆ ಸಣ್ಣ ತೂತು ಮಾಡಿ, ಅದರ ಮ್ಯಾಲ ಮುತ್ತಿಟ್ಟು ನಿಧಾನ ಉರುಳಿಸ್ರಿ. ಒಳಗ ಮುತ್ತು ಬೆಳೆಸೋರು ಇಟ್ಟ ಚಿಪ್ಪಿನ ಮಣಿ ಇದ್ದು ಮ್ಯಾಲಿನ ಪದರ ತೆಳ್ಳಗಿದ್ರ ಮಣಿಯ ಪಟ್ಟಿ ಪಟ್ಟಿ ಗೆರಿ ಕಾಣ್ತಾವ. ಚೀನಾದ ಸಿಹಿನೀರಿನ ಮುತ್ತು ಭಾಳಷ್ಟರೊಳಗ ಮಣಿನೇ ಇರಂಗಿಲ್ಲ, ಗೆರಿ ಹುಡುಕಿ ಕಣ್ಣು ನೋಯಿಸ್ಕೋಬ್ಯಾಡ್ರಿ.

ಬಣ್ಣ ಹಾಕಿದ್ದೋ ಹುಟ್ಟಾ ಬಂದಿದ್ದೋ ಅನ್ನೋದು ಮನ್ಯಾಗ ಮುಗಿಯೋ ಕೆಲಸ ಅಲ್ಲ. ತಾಹಿತಿಯ ಕರೇ ಮುತ್ತು ಹುಟ್ಟುಬಣ್ಣದ್ದಾದ್ರ, ಯಾವ ಅಲೆಯ ಬೆಳಕು ಎಷ್ಟು ವಾಪಸ್ ಬರ್ತದ ಅಂತ ಅಳಿಯೋ ಸ್ಪೆಕ್ಟ್ರೋಮೀಟರ್ ಯಂತ್ರದ ಗ್ರಾಫಿನ್ಯಾಗ 700 ನ್ಯಾನೋಮೀಟರ್ ಹತ್ರ ಒಂದು ತಗ್ಗು ಬೀಳ್ತದ, ಬಣ್ಣ ಹಾಕಿ ಕಪ್ಪು ಮಾಡಿದ್ರ ಆ ತಗ್ಗು ಸಿಗಂಗಿಲ್ಲ. ದುಬಾರಿ ಮುತ್ತು ಕೊಳ್ಳೋರು ರತ್ನದ ಲ್ಯಾಬಿನ ಸರ್ಟಿಫಿಕೇಟ್ ಕೇಳ್ರಿ.

ಕಾಕಿ ಸರ ಕೊನಿಗೆ ಡಬ್ಬ್ಯಾಗ ಇಟ್ಟೆ. 58 ಮುತ್ತು. 49ಕ್ಕ ಬಿ ಹೆಚ್ಚೂಕಮ್ಮಿ ಒಂದೇ, ಇನ್ನೊಂಬತ್ತು ಬ್ಯಾರೆನೇ ಗುಂಪು, ಭಾಳ ಹಳದಿ. ಆ ಒಂಬತ್ತನ್ನೂ ಕೊಂಡಿ ಹತ್ರ, ತುರುಬಿನ ಕೆಳಗ ಮರೆಯಾಗೋ ಜಾಗದಾಗ ಪೋಣಿಸಿದ್ರು.